ಎಂಟಡಿ ಗಲ್ಲಿಯಿಂದ ತಾರಸಿಗೆ: ತಲೆಹೊರೆ, ರಾಟೆ, ಕರೆಂಟ್ ಹಾಯಿಸ್ಟ್, ಲಿಫ್ಟ್ ಮಿಕ್ಸರ್

ನಮ್ಮ ಮನೆ ಬೆಂಗಳೂರಿನ ಶ್ರೀರಾಂಪುರದಲ್ಲಿ. 20x30 ಸೈಟು, ಎಂಟಡಿ ಗಲ್ಲಿ. ಕೆಳಗೆ ಬಾಡಿಗೆಯವರು, ಮೇಲೆ ನಾವು. ಹೊರಗಿನ ಮೆಟ್ಟಿಲು ಎರಡೂವರೆ ಅಡಿ ಅಗಲ, ನಡುವೆ ಒಂದು ತಿರುವು. ಅದರ ಮೇಲೆ ಇನ್ನೊಂದು ಮಹಡಿ ಕಟ್ಟಿಸುವಾಗ ಸಾಮಾನು ಏರಿಸುವ ನಾಲ್ಕು ದಾರಿಗಳನ್ನೂ ಬಳಸಿದೆವು. ಟಿಪ್ಪರ್ ಗಲ್ಲಿಯ ಬಾಯಲ್ಲೇ ಸುರಿದು ಹೋಗುತ್ತದೆ, ಅಲ್ಲಿಂದ ಮನೆ ಬಾಗಿಲಿಗೆ ತಳ್ಳುಗಾಡಿಯೇ ಗತಿ. ಆ ಖರ್ಚು ಯಾವ ದಾರಿ ಹಿಡಿದರೂ ತಪ್ಪುವುದಿಲ್ಲ, ಅದಕ್ಕೇ ಅದನ್ನು ಹೋಲಿಕೆಗೆ ತಂದಿಲ್ಲ.

ಮೊದಲು ತೂಕದ ಲೆಕ್ಕ. ಸಿಮೆಂಟ್ ಮೂಟೆ 50 ಕೆಜಿ. ಆರಿಂಚಿನ ಸಾಲಿಡ್ ಕಾಂಕ್ರೀಟ್ ಬ್ಲಾಕ್ ಒಂದಕ್ಕೆ ಸುಮಾರು 26 ಕೆಜಿ. ಎಂ-ಸ್ಯಾಂಡ್, ಅಂದರೆ ಕಲ್ಲು ಪುಡಿ ಮಾಡಿದ ಮರಳು, ಘನ ಅಡಿಗೆ 45 ಕೆಜಿ ಹತ್ತಿರ. ನೂರು ಅಡಿ ಮರಳು ಅಂದರೆ ನಾಲ್ಕೂವರೆ ಟನ್! 12 ಎಂಎಂ ಕಂಬಿ 12 ಮೀಟರ್ ಉದ್ದಕ್ಕೆ ಹನ್ನೊಂದು ಕೆಜಿಗೂ ಕಡಿಮೆ. ಅಲ್ಲಿ ತೂಕ ಏನಲ್ಲ, ಉದ್ದವೇ ತಲೆನೋವು.

ತಲೆಹೊರೆಯವರು ಬ್ಲಾಕಿಗೆ ಇಷ್ಟು, ಮೂಟೆಗೆ ಇಷ್ಟು ಅಂತ ರೇಟು ಹೇಳುತ್ತಾರೆ, ಮಹಡಿ ಏರಿದಂತೆ ರೇಟೂ ಏರುತ್ತದೆ. ಮೇಸ್ತ್ರಿ ಜೊತೆ ಮಾತಾಡುವಾಗಲೇ 'ಶಿಫ್ಟಿಂಗ್ ಯಾರದು?' ಅಂತ ಕೇಳಿಬಿಡಿ. ಚದರಡಿ ರೇಟಿನಲ್ಲಿ ಅದು ಸೇರಿದೆ ಅಂತ ನಾವು ಅಂದುಕೊಳ್ಳುತ್ತೇವೆ, ಅವರು ಹಾಗೆ ಅಂದುಕೊಳ್ಳುವುದಿಲ್ಲ. ಈ ದಾರಿಗೆ ಕರೆಂಟು ಬೇಡ, ಮಿಷನ್ ಬಾಡಿಗೆ ಇಲ್ಲ, ಹೊರಗೆ ಹಾದುಹೋಗುವ ಕರೆಂಟ್ ತಂತಿಯ ಭಯವೂ ಇಲ್ಲ. ಆದರೆ ಮಧ್ಯಾಹ್ನ ಊಟ ಆದ ಮೇಲೆ ವೇಗ ಅರ್ಧಕ್ಕೆ ಇಳಿಯುತ್ತದೆ. ಇಳಿಯದೇ ಇರುತ್ತಾ? ಆ ತಿರುವಿನಲ್ಲಿ ಒಮ್ಮೆ ಖಾಲಿ ಕೈಯಲ್ಲಿ ಹತ್ತಿದವರಿಗೇ ಕಷ್ಟ ಗೊತ್ತಾಗುತ್ತದೆ, ತಲೆ ಮೇಲೆ 26 ಕೆಜಿಯ ಬ್ಲಾಕ್ ಇದ್ದರೆ ಕೇಳಬೇಕೇ. ಮೆಟ್ಟಿಲಿನ ಅಂಚೆಲ್ಲ ಒಡೆಯಿತು, ಬಾಡಿಗೆಯವರ ಬಾಗಿಲ ಮುಂದೆ ದಿನವಿಡೀ ಧೂಳು. ಸಿಮೆಂಟಿಗೆ ಮಾತ್ರ ಇದೇ ಸರಿ. ಹಗ್ಗಕ್ಕೋ ಕೊಕ್ಕೆಗೋ ಸಿಕ್ಕರೆ ಮೂಟೆ ಹರಿಯುತ್ತದೆ. ದಿನಕ್ಕೆ ಬೇಕಾದಷ್ಟೇ ಮೂಟೆ ಮೇಲೆ ಹೋದರೆ ಸಾಕು, ಮಳೆಗೆ ನೆನೆಯುವ ಚಿಂತೆಯೂ ತಪ್ಪುತ್ತದೆ.

ರಾಟೆ ಅಗ್ಗ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಒಂದೇ ರಾಟೆ ಹಾಕಿದರೆ ಭಾರ ಒಂದು ಗ್ರಾಮೂ ಕಡಿಮೆಯಾಗುವುದಿಲ್ಲ, ಎಳೆಯುವ ದಿಕ್ಕು ಬದಲಾಗುತ್ತದೆ ಅಷ್ಟೇ. ಸಾಮಾನಿನ ಜೊತೆ ಮೇಲೇರುವ ಇನ್ನೊಂದು ರಾಟೆ ಸೇರಿಸಿದರೆ ಎಳೆತ ಅರ್ಧವಾಗುತ್ತದೆ, ಎಳೆಯಬೇಕಾದ ಹಗ್ಗ ಎರಡರಷ್ಟಾಗುತ್ತದೆ. ಬಾಂಡ್ಲಿ, ಬಕೆಟ್, ಸೆಂಟ್ರಿಂಗ್ ಹಲಗೆಗೆ ಇದು ಸಾಕು. ಕಂಬಿಗೂ ಇದೇ ಒಳ್ಳೆಯದು, ತಂತಿ ಹತ್ತಿರ ಇಲ್ಲದಿದ್ದರೆ. 11 ಕೆವಿ ತಂತಿಗೂ ಕಟ್ಟಡಕ್ಕೂ ಅಡ್ಡಲಾಗಿ ಕನಿಷ್ಠ 1.2 ಮೀಟರ್ ಅಂತರ ಇರಬೇಕು ಅನ್ನುತ್ತದೆ ನಿಯಮ. ಅಷ್ಟು ಅಂತರ ಇದ್ದರೂ 12 ಮೀಟರ್ ಕಂಬಿ ಒಮ್ಮೆ ಓಲಾಡಿದರೆ ಮುಗಿಯಿತು. ನಾವು ಕಂಬಿಯನ್ನು ಕೆಳಗೇ ಕತ್ತರಿಸಿ, ಬಗ್ಗಿಸಿ, ಕಟ್ಟು ಮಾಡಿ ತಂತಿ ಇಲ್ಲದ ಹಿಂಬದಿಯಿಂದ ಎಳೆಸಿದೆವು.

ನನಗೆ ಜಾಸ್ತಿ ಕುತೂಹಲ ಇದ್ದದ್ದು ಕರೆಂಟ್ ಹಾಯಿಸ್ಟ್ ಬಗ್ಗೆ. ಮನೆಯ 230 ವೋಲ್ಟ್ ಪ್ಲಗ್ಗಿಗೇ ಓಡುವ, ಮೋಟಾರಿನಿಂದ ಭಾರ ಮೇಲೆತ್ತುವ ಚಿಕ್ಕ ಮಿಷನ್ ಅದು. ಮೈಮೇಲೆ 200/400 ಕೆಜಿ ಅಂತ ಬರೆದಿತ್ತು. ಬಾಡಿಗೆ ಕೊಡುವವರು 400 ಅಂತಲೇ ಹೇಳುತ್ತಾರೆ. ಆ 400 ಸಿಗುವುದು ಜೋಡಿ ರಾಟೆಯ ಕೊಕ್ಕೆ ಹಾಕಿದಾಗ ಮಾತ್ರ. ಆಗ 12 ಮೀಟರ್ ಎತ್ತರ 6 ಆಗುತ್ತದೆ, ನಿಮಿಷಕ್ಕೆ 10 ಮೀಟರ್ ವೇಗ 5 ಆಗುತ್ತದೆ. ನಮ್ಮ ತಾರಸಿಗೆ ಏಳು ಮೀಟರ್ ಬೇಕಿತ್ತು. ಅಂದರೆ ನಮಗೆ ಅದು 200ರ ಮಿಷನ್ನೇ.

ಇನ್ನೊಂದು ಸಣ್ಣ ಅಕ್ಷರದ ಮಾತಿದೆ: ಎಸ್3 20%, 10 ನಿಮಿಷ. ಹತ್ತು ನಿಮಿಷದಲ್ಲಿ ಮೋಟಾರ್ ಓಡಬೇಕಾದ್ದು ಎರಡೇ ನಿಮಿಷ, ಉಳಿದದ್ದು ವಿಶ್ರಾಂತಿ. ಏಳು ಮೀಟರ್ ಹತ್ತಿ ಇಳಿಯಲು ಸುಮಾರು ಒಂದೂವರೆ ನಿಮಿಷ. ಹಾಗಾದರೆ ನಿಯಮದಂತೆ ಏಳು ನಿಮಿಷಕ್ಕೊಂದು ಸಲ. ಒಂದು ಸಲಕ್ಕೆ ಐದು ಬ್ಲಾಕ್ ಇಟ್ಟರೂ ಗಂಟೆಗೆ ನಲವತ್ತು. ಬೆಳಗಿನ ಹುರುಪಿನಲ್ಲಿ ಇಬ್ಬರು ತಲೆಹೊರೆಯವರೂ ಹೆಚ್ಚು ಕಮ್ಮಿ ಅಷ್ಟೇ ಸಾಗಿಸುತ್ತಾರೆ! ಅವಸರ ಮಾಡಿದರೆ ಮೋಟಾರ್ ಬಿಸಿಯಾಗಿ ತಾನೇ ನಿಂತುಬಿಡುತ್ತದೆ. ಕೆಳಗೊಬ್ಬ, ಮೇಲೊಬ್ಬ ಹೇಗೂ ಬೇಕು. ಹಾಗಾಗಿ ಕೂಲಿ ಉಳಿಯುತ್ತದೆ ಅಂತ ಇದನ್ನು ತರಬೇಡಿ. ಸಂಜೆಯವರೆಗೂ ಒಂದೇ ವೇಗ ಇರುತ್ತದೆ, ಮೆಟ್ಟಿಲು ಉಳಿಯುತ್ತದೆ, ಯಾರ ಸೊಂಟವೂ ಹೋಗುವುದಿಲ್ಲ. ನನಗೆ ಅಷ್ಟೇ ಸಾಕಾಗಿತ್ತು. ಹಾಯಿಸ್ಟಿನ ತೋಳನ್ನು ಪ್ಯಾರಾಪೆಟ್ಟಿಗೆ ಕಟ್ಟುತ್ತೇವೆ ಅಂದರೆ ಮಾತ್ರ ಒಪ್ಪಬೇಡಿ. ನಾಲ್ಕಿಂಚಿನ ಗೋಡೆ ಅದು. ಪಿಲ್ಲರಿಗೆ ಕ್ಲಾಂಪ್ ಹಾಕಬೇಕು, ಇಲ್ಲವೇ ಹಿಂದೆ ಸಾಕಷ್ಟು ಪ್ರತಿಭಾರ ಇಡಬೇಕು. ಭಾರ ಏರುವಾಗ ಗಲ್ಲಿಯ ಎರಡೂ ಕಡೆ ಒಬ್ಬೊಬ್ಬರು ನಿಂತು ಜನರನ್ನು ತಡೆಯಲೇಬೇಕು.

ಮೌಲ್ಡ್, ಅಂದರೆ ಕಾಂಕ್ರೀಟ್ ಛಾವಣಿ ಹಾಕುವ ಕಥೆಯೇ ಬೇರೆ. 550 ಚದರಡಿಗೆ ಐದಿಂಚು ದಪ್ಪ ಅಂದರೆ ಆರೂವರೆ ಘನ ಮೀಟರ್, ಹದಿನೈದು ಟನ್ ಮೀರಿದ ಕಾಂಕ್ರೀಟು. ಅದೂ ನಡುವೆ ನಿಲ್ಲಿಸದೆ ಒಂದೇ ಉಸಿರಿಗೆ ಹೋಗಬೇಕು. ಇಲ್ಲಿ ಹಾಯಿಸ್ಟ್ ಲೆಕ್ಕಕ್ಕಿಲ್ಲ. ಲಿಫ್ಟ್ ಮಿಕ್ಸರ್ ತರಿಸಿದೆವು, ಕಲಸಿದ್ದನ್ನು ತೊಟ್ಟಿಯಲ್ಲಿ ಹಳಿ ಮೇಲೆ ಎತ್ತಿ ಸುರಿಯುವಂಥದ್ದು. ಗಲ್ಲಿ ಇಡೀ ದಿನ ಬಂದ್. ಅಕ್ಕಪಕ್ಕದವರಿಗೆ ಹಿಂದಿನ ದಿನವೇ ಹೇಳಿ, ಬೈಕುಗಳನ್ನೆಲ್ಲ ಹೊರಗೆ ಇಡಿಸಿದ್ದೆವು. ತಮ್ಮನ ಮನೆಗೆ ಪಂಪ್ ತರಿಸಿದ್ದೂ ನೋಡಿದ್ದೇನೆ. ಲಾರಿ ಮೇನ್ ರೋಡಿನಲ್ಲೇ ನಿಲ್ಲುತ್ತದೆ, ಪೈಪು ಗಲ್ಲಿಯೊಳಗೆ ಬರುತ್ತದೆ, ಕೆಲಸ ಬಹಳ ಬೇಗ. ಆದರೆ 125 ಎಂಎಂ ಪೈಪು 30 ಮೀಟರ್ ಎಳೆದರೆ ಅದರೊಳಗೇ ಒಂದು ಟನ್ನಿಗೆ ಸ್ವಲ್ಪ ಕಡಿಮೆ ಕಾಂಕ್ರೀಟು ಕೂತಿರುತ್ತದೆ. ನಮ್ಮಂಥ ಸಣ್ಣ ಮೌಲ್ಡಿಗೆ ಅದು ದುಬಾರಿ. ಸಾವಿರ ಚದರಡಿ ದಾಟಿದರೆ ಪಂಪೇ ವಾಸಿ ಅಂತ ನನ್ನ ಅನಿಸಿಕೆ.

ಸಾಮಾನು ಮೇಲೆ ಹೋದ ಮೇಲೆ ಎಲ್ಲಿಡುವುದು? ಜನ ಓಡಾಡುವ ತಾರಸಿಗೆ ಐಎಸ್ 875 (ಕಟ್ಟಡ ಹೊರಬೇಕಾದ ಭಾರದ ಭಾರತೀಯ ಮಾನದಂಡ) ಹೇಳುವ ಭಾರ ಚದರ ಮೀಟರಿಗೆ ಸುಮಾರು 150 ಕೆಜಿ. ಒಂದಡಿ ಎತ್ತರದ ಮರಳು ರಾಶಿಯೇ 480 ದಾಟುತ್ತದೆ. ಹಾಯಿಸ್ಟ್ ಬಾಡಿಗೆ ದಿನದ ಲೆಕ್ಕ ಅಲ್ವಾ, ಕೆಲಸದವರು ಎಲ್ಲವನ್ನೂ ಒಟ್ಟಿಗೆ ಏರಿಸಿ ನಡುಮಧ್ಯೆ ಪೇರಿಸಲು ನೋಡುತ್ತಾರೆ. ಬೀಮು, ಗೋಡೆ ಇರುವ ಕಡೆ ಹರಡಿ ಇಡಿಸಬೇಕು. ಇಂಜಿನಿಯರ್ ಬಂದು ಸುಣ್ಣದಲ್ಲಿ ಗೆರೆ ಎಳೆದುಕೊಟ್ಟಿದ್ದರು.

ಇಷ್ಟೆಲ್ಲ ನೋಡಿದ ಮೇಲೆ ಒಳಗೋಡೆಗಳನ್ನು ಎಎಸಿ ಬ್ಲಾಕಿಗೆ, ಅಂದರೆ ಒಳಗೆಲ್ಲ ಗಾಳಿಗುಳ್ಳೆ ಇರುವ ಹಗುರ ಕಾಂಕ್ರೀಟ್ ಬ್ಲಾಕಿಗೆ ಬದಲಾಯಿಸಿದೆವು. ಎರಡಡಿ ಉದ್ದದ ಆರಿಂಚಿನ ಎಎಸಿ ಬ್ಲಾಕ್ ಒಣಗಿದ್ದಾಗ 12 ಕೆಜಿ ಒಳಗೆ, ಒಂದೂವರೆ ಸಾಲಿಡ್ ಬ್ಲಾಕಿನಷ್ಟು ಗೋಡೆ ಮುಚ್ಚುತ್ತದೆ. ಅಷ್ಟೇ ಗೋಡೆಗೆ ಮೂರರಲ್ಲಿ ಒಂದು ಪಾಲಿಗಿಂತ ಕಡಿಮೆ ತೂಕ. ನಾಲ್ಕೂ ದಾರಿಗಿಂತ ಜಾಸ್ತಿ ಉಳಿಸಿದ್ದು ಇದೇ. ಎತ್ತಿ ಹಾಕಿದರೆ ಮೂಲೆ ಮುರಿಯುತ್ತದೆ, ನೆನೆದರೆ ಭಾರವಾಗುತ್ತದೆ, ಟಿವಿ ತೂಗುಹಾಕಲು ಮಾಮೂಲಿ ಪ್ಲಗ್ ಹಿಡಿಯುವುದಿಲ್ಲ. ಅದಕ್ಕೆ ಅಂತಲೇ ಉದ್ದನೆಯ ನೈಲಾನ್ ಪ್ಲಗ್ ಸಿಗುತ್ತದೆ, ಕೇಳಿ ತನ್ನಿ.