ಎರಡು ಫೋಟೊ, ಮೂರು ಕಮಾಂಡ್: ನಾನು ಎಫ್‌ಎಫ್‌ಎಂಪೆಗ್‌ಗೇ ಅಂಟಿಕೊಂಡಿದ್ದು ಯಾಕೆ

ಅಜ್ಜಿಯ ಹಳೇ ಫೋಟೊವೊಂದನ್ನು ಸ್ಕ್ಯಾನ್ ಮಾಡಿ, ಗೀರು, ಕಲೆ ಎಲ್ಲ ತೆಗೆದು ರಿಪೇರಿ ಮಾಡಿದ್ದೆ. ಹಳೇದು ಕರಗಿ ಹೊಸದು ಮೂಡುವಂಥ ಐದು ಸೆಕೆಂಡಿನ ವಿಡಿಯೊ ಮಾಡಿ ಮನೆಯವರಿಗೆ ತೋರಿಸಬೇಕಿತ್ತು. ಇಷ್ಟಕ್ಕೆ ಎಡಿಟರ್ ತೆರೆದು ಟೈಮ್‌ಲೈನ್ ಎಳೆದಾಡುವ ತಾಳ್ಮೆ ನನಗಿಲ್ಲ. ದಿನವಿಡೀ ಟರ್ಮಿನಲ್ (ಕಮಾಂಡ್ ಟೈಪ್ ಮಾಡುವ ಕಿಟಕಿ) ಮುಂದೆ ಕೂರುವವನಿಗೆ ಕಮಾಂಡೇ ಹತ್ತಿರ. ಫೋಟೊ ತಿದ್ದುವ ಇಮೇಜ್‌ಮ್ಯಾಜಿಕ್, ವಿಡಿಯೊ ಮಾಡುವ ಎಫ್‌ಎಫ್‌ಎಂಪೆಗ್ ಮತ್ತು ಮೆಲ್ಟ್, ಹೀಗೆ ಕಮಾಂಡ್ ಬರೆದು ಓಡಿಸುವ ಮೂರು ತಂತ್ರಾಂಶಗಳನ್ನೂ ಹಾಕಿ ನೋಡಿದೆ. ಗೆದ್ದಿದ್ದು ಎಫ್‌ಎಫ್‌ಎಂಪೆಗ್, ಆದರೆ ಸುಮ್ಮನೆ ಗೆಲ್ಲಲಿಲ್ಲ, ಒಂದು ಸಂಜೆ ಪೂರ್ತಿ ತಿಂದು ಗೆದ್ದಿತು.

ಮೊದಲು ಕೈಹಾಕಿದ್ದು ಇಮೇಜ್‌ಮ್ಯಾಜಿಕ್‌ಗೆ, ಯಾಕಂದ್ರೆ ಅದರ ಮಾರ್ಫ್ ಆಯ್ಕೆ ನೋಡೋಕೆ ಬಲು ಸರಳ. ಎರಡು ಫೋಟೊ ಕೊಟ್ಟು 24 ಅಂದರೆ, ನಡುವೆ 24 ಫ್ರೇಮ್ (ವಿಡಿಯೊದ ಒಂದೊಂದು ಬಿಡಿ ಚಿತ್ರ) ತಾನೇ ಹುಟ್ಟಿಸುತ್ತೆ, ಮೊದಲಿನದು ಕೊನೆಯದು ಸೇರಿ 26. ಹೆಸರು ನೋಡಿ ಮುಖವೇ ಕರಗಿ ಇನ್ನೊಂದು ಮುಖವಾಗುತ್ತೆ ಅಂದುಕೊಳ್ಳಬೇಡಿ. ಅದು ಬರೀ ಬಣ್ಣಗಳ ಬೆರಕೆ. ಜೊತೆಗೆ ಅಳತೆಯನ್ನೂ ಬೆರೆಸುತ್ತೆ! ರಿಪೇರಿ ಮಾಡುವಾಗ ಹರಿದ ಅಂಚನ್ನು ನಾನು ಸ್ವಲ್ಪ ಕತ್ತರಿಸಿದ್ದೆ. ಹಾಗಾಗಿ ಒಂದೊಂದು ಫ್ರೇಮಿಗೂ ಒಂದೊಂದು ಅಳತೆ ಬಂತು. ಅಜ್ಜಿಯ ಮುಖ ಉಸಿರಾಡಿದ ಹಾಗೆ ಊದುತ್ತಿತ್ತು.

ಅಳತೆ ಸರಿಮಾಡಿದ ಮೇಲೆ ಮೆಮೊರಿಯ ಗೋಳು. ನನ್ನ ಸ್ಕ್ಯಾನ್ 4000 ಪಿಕ್ಸೆಲ್ ಅಗಲ, 3000 ಪಿಕ್ಸೆಲ್ ಎತ್ತರ. ಇಮೇಜ್‌ಮ್ಯಾಜಿಕ್‌ನ ಹೊಸ ಆವೃತ್ತಿ ಪ್ರತಿ ಪಿಕ್ಸೆಲ್‌ನ ಒಂದೊಂದು ಬಣ್ಣಕ್ಕೂ (ಕೆಂಪು, ಹಸಿರು, ನೀಲಿ) ನಾಲ್ಕು ಬೈಟ್ ಇಟ್ಟುಕೊಳ್ಳುವುದರಿಂದ ಒಂದು ಫ್ರೇಮಿಗೆ ಕನಿಷ್ಠ 140 ಎಂಬಿ. 26 ಫ್ರೇಮ್ ಅಂದರೆ ಹತ್ತಿರ ಹತ್ತಿರ 4 ಜಿಬಿ. ನನ್ನ ಲ್ಯಾಪ್‌ಟಾಪಿನಲ್ಲಿರೋದೇ 8 ಜಿಬಿ, ಅದರಲ್ಲಿ ಅರ್ಧ ಬ್ರೌಸರ್ ಪಾಲು. ಮೌಸ್ ಕೂಡ ಅಲ್ಲಾಡದ ಸ್ಥಿತಿಗೆ ಬಂತು. ಜಿಫ್ ಮಾಡಿದರೆ 256 ಬಣ್ಣವಷ್ಟೇ, ಕೆನ್ನೆಯ ಮೇಲೆ ಪಟ್ಟೆ ಪಟ್ಟೆ.

ಎಫ್‌ಎಫ್‌ಎಂಪೆಗ್‌ನಲ್ಲಿ ಈ ಕೆಲಸಕ್ಕೆ ಎಕ್ಸ್‌ಫೇಡ್ ಅನ್ನುವ ಫಿಲ್ಟರ್ ಇದೆ, 2020ರಲ್ಲಿ 4.3 ಆವೃತ್ತಿಯ ಜೊತೆ ಬಂದದ್ದು. ಒಂದು ಫೋಟೊ ಅಂದರೆ ಅದರ ಲೆಕ್ಕದಲ್ಲಿ ಒಂದೇ ಫ್ರೇಮ್. ಹಾಗಾಗಿ ಲೂಪ್ ಹಾಕಿ, ಅಂದರೆ ಅದನ್ನೇ ಮತ್ತೆ ಮತ್ತೆ ತೋರಿಸಿ, ಮೂರು ಸೆಕೆಂಡ್ ಎಳೆಯಬೇಕು. ಎರಡೂ ಫೋಟೊ ಒಂದೇ ಅಳತೆ ಇರಬೇಕು, ಇಲ್ಲದಿದ್ದರೆ ಶುರುವಾಗೋ ಮುಂಚೆಯೇ ಬೈದು ನಿಲ್ಲುತ್ತೆ. ಅದು ಒಳ್ಳೇದೇ. ಸುಮ್ಮನೆ ಊದಿದ ಮುಖ ಕೊಡೋದಕ್ಕಿಂತ ಬೈಯೋದು ಮೇಲು.

ನನ್ನ ಸಂಜೆ ತಿಂದದ್ದು ಆಫ್‌ಸೆಟ್, ಅಂದರೆ ಬದಲಾವಣೆ ಎಷ್ಟನೇ ಸೆಕೆಂಡಿಗೆ ಶುರುವಾಗಬೇಕು ಅನ್ನುವ ಸಂಖ್ಯೆ. ಎರಡು ಫೋಟೊ ಇರುವಾಗ ಏನೂ ತೊಂದರೆಯಿಲ್ಲ. ತಲಾ ಮೂರು ಸೆಕೆಂಡ್, ಬದಲಾವಣೆಗೆ ಒಂದು ಸೆಕೆಂಡ್, ಆಫ್‌ಸೆಟ್ 2. ಎರಡನೇ ಸೆಕೆಂಡಿಗೆ ಕರಗೋಕೆ ಶುರು, ಒಟ್ಟು ಐದು ಸೆಕೆಂಡ್. ಚೆನ್ನಾಗಿ ಬಂತು ಅಂತ ಆಸೆ ಹೆಚ್ಚಾಗಿ, ಬಣ್ಣ ತುಂಬಿದ ಮೂರನೇ ಫೋಟೊ ಸೇರಿಸಿದೆ. ಎರಡನೇ ಎಕ್ಸ್‌ಫೇಡ್‌ಗೂ ಆಫ್‌ಸೆಟ್ 2 ಅಂತಲೇ ಕೊಟ್ಟೆ. ಎರಡನೇ ಫೋಟೊ ಶುರುವಾಗಿ ಎರಡು ಸೆಕೆಂಡಿಗೆ ಅನ್ನೋದು ನನ್ನ ಲೆಕ್ಕ.

ನೋಡಿದರೆ ನಡುವಿನ ಫೋಟೊ ನಾಪತ್ತೆ! ಗೀರುಬಿದ್ದ ಫೋಟೊದಿಂದ ಸೀದಾ ಬಣ್ಣದ್ದಕ್ಕೆ ಜಿಗಿತ. ನಿಧಾನಕ್ಕೆ ಓಡಿಸಿ ನೋಡಿದಾಗ ನಡುವಿನದು ಮಸುಕಾಗಿ ಒಮ್ಮೆ ಇಣುಕಿ ಮಾಯವಾಗೋದು ಕಂಡಿತು. ಫೈಲ್ ಹೆಸರು ತಪ್ಪಿದೆಯಾ, ಲೂಪ್ ಬಿಟ್ಟುಹೋಗಿದೆಯಾ, ಕೋಟ್ ಚಿಹ್ನೆ ಎಲ್ಲಿ ಮುಗಿದಿದೆ ಅಂತ ತಡಕಾಡಿದೆ. ತಪ್ಪಿದ್ದು ಅಲ್ಲೆಲ್ಲೂ ಅಲ್ಲ. ಎರಡನೇ ಎಕ್ಸ್‌ಫೇಡ್‌ಗೆ ಒಳಬರೋದು ಎರಡನೇ ಫೋಟೊ ಅಲ್ಲ, ಮೊದಲೆರಡು ಸೇರಿ ಆದ ಐದು ಸೆಕೆಂಡಿನ ವಿಡಿಯೊ. ಆಫ್‌ಸೆಟ್ ಅದರ ಆರಂಭದಿಂದ ಎಣಿಸುತ್ತೆ. ಅಂದರೆ ಎರಡೂ ಬದಲಾವಣೆ ಒಂದೇ ಗಳಿಗೆಗೆ ನಡೆದು, ಒಂದರ ಮೇಲೊಂದು ಬಿದ್ದಿದ್ದವು.

ಸರಿಯಾದ ಲೆಕ್ಕ 2, 4, 6, 8 ಅಂತ ಹೋಗಬೇಕು. ಫೋಟೊದ ಅವಧಿಯಲ್ಲಿ ಬದಲಾವಣೆಯ ಅವಧಿ ಕಳೆದು, ಎಷ್ಟನೇ ಬದಲಾವಣೆಯೋ ಅದರಿಂದ ಗುಣಿಸಿದರೆ ಆಯ್ತು. ಈಗ ಶೆಲ್ ಸ್ಕ್ರಿಪ್ಟ್ (ಕಮಾಂಡ್‌ಗಳನ್ನು ಬರೆದಿಟ್ಟ ಫೈಲ್) ಒಂದು ಈ ಗುಣಾಕಾರ ಮಾಡುತ್ತೆ, ನಾನು ಬೆರಳು ಮಡಿಚಲ್ಲ.

ಮೆಲ್ಟ್‌ನಲ್ಲಿ ಈ ಗೋಜಲೇ ಇಲ್ಲ, ಅದನ್ನು ಒಪ್ಪಬೇಕು. ಕೆಡೆನ್‌ಲೈವ್, ಶಾಟ್‌ಕಟ್ ಎಂಬ ವಿಡಿಯೊ ಎಡಿಟರ್‌ಗಳ ಒಳಗೆ ಕೆಲಸ ಮಾಡುವ ಎಂಎಲ್‌ಟಿ ಎಂಬ ತಂತ್ರಾಂಶದ ಕಮಾಂಡ್ ಅದು. ಫೋಟೊ, ಫೋಟೊ, ಮಿಕ್ಸ್ 25, ಮಿಕ್ಸರ್ ಲೂಮಾ ಅಂದರೆ 25 ಫ್ರೇಮ್ ತಾನೇ ಒಂದರ ಮೇಲೊಂದು ಹೊದಿಸಿ ಕರಗಿಸುತ್ತೆ. ಅಳತೆ ಬೇರೆಯಾದರೂ ತಾನೇ ಹೊಂದಿಸುತ್ತೆ. ಆದರೆ ಪ್ರೊಫೈಲ್ (ವಿಡಿಯೊದ ಅಳತೆ, ವೇಗ) ಹೇಳದೆ ಬಿಟ್ಟಿದ್ದಕ್ಕೆ ಹಳೇ ಟಿವಿಯ 720 ಅಗಲ, 576 ಎತ್ತರದ ಅಳತೆಯಲ್ಲಿ ವಿಡಿಯೊ ಕೈಗಿಟ್ಟಿತು. ಬೇರೆ ಥರದ ಬದಲಾವಣೆ ಬೇಕಂದರೆ ಬೂದುಬಣ್ಣದ ಮಾದರಿ ಚಿತ್ರವೊಂದನ್ನು ಕೊಡಬೇಕು. ನಾನು ಅಷ್ಟು ದೂರ ಹೋಗಲಿಲ್ಲ.

ಎಕ್ಸ್‌ಫೇಡ್‌ನಲ್ಲಾದರೆ ಬದಲಾವಣೆಯ ಹೆಸರು ಬದಲಿಸಿದರೆ ಸಾಕು. ಒಂದು ಎಚ್ಚರ: ಡಿಸಾಲ್ವ್ ಅಂದರೆ ನಯವಾಗಿ ಕರಗೋದಲ್ಲ, ಮರಳು ಎರಚಿದ ಹಾಗೆ ಚುಕ್ಕಿ ಚುಕ್ಕಿಯಾಗಿ ಬದಲಾಗೋದು. ನಯ ಬೇಕಾದರೆ ಫೇಡ್. ಬಣ್ಣದ ಫೋಟೊಗೆ ಹೋಗುವಾಗ ಫೇಡ್‌ಗ್ರೇಸ್ ಹಾಕಿದೆ, ಬೂದಿಯೊಳಗಿಂದ ಬಣ್ಣ ಎದ್ದುಬಂದ ಹಾಗಿದೆ. ನಾವೇ ಸೂತ್ರ ಬರೆಯುವ ಕಸ್ಟಮ್ ಕೂಡ ಇದೆ, ಆದರೆ ಒಂದೊಂದು ಪಿಕ್ಸೆಲ್‌ಗೂ ಲೆಕ್ಕ ಹಾಕುತ್ತಾ ತೆವಳುತ್ತೆ. ಮತ್ತೆ, ಪಿಕ್ಸೆಲ್ ಫಾರ್ಮ್ಯಾಟ್ (ಬಣ್ಣವನ್ನು ಫೈಲಿನಲ್ಲಿ ಇಡುವ ರೀತಿ) ವೈಯುವಿ420ಪಿ ಅಂತ ಹೇಳೋದು ಮರೆಯಬೇಡಿ. ನಾನು ಪಿಎನ್‌ಜಿ ಕೊಟ್ಟು ಮಾಡಿದ ಮೊದಲ ವಿಡಿಯೊ ಲ್ಯಾಪ್‌ಟಾಪಿನಲ್ಲಿ ಓಡಿತು, ಅಮ್ಮನ ಫೋನಿನಲ್ಲಿ ತೆರೆಯಲೇ ಇಲ್ಲ.

ಮೂರೂ ಉಚಿತ, ಹಾಗಾಗಿ ನನ್ನ ಬಜೆಟ್ ಅಂದರೆ ಆ 8 ಜಿಬಿ ಮತ್ತು ನನ್ನ ಸಹನೆ. ನಲವತ್ತು ಫೋಟೊ ಒಮ್ಮೆಗೇ ಪೋಣಿಸಬೇಕಾದವರು, ಸ್ಕ್ರಿಪ್ಟ್ ಬರೆಯೋಕೆ ಬೇಜಾರಾಗುವವರು ಮೆಲ್ಟ್ ಹಿಡಿಯಿರಿ. ನನಗೆ ಎಫ್‌ಎಫ್‌ಎಂಪೆಗ್ ಸಾಕು. ಇಮೇಜ್‌ಮ್ಯಾಜಿಕ್ ಅನ್ನು ಬಿಟ್ಟಿಲ್ಲ, ಎಕ್ಸ್‌ಫೇಡ್ ಬೈಯದಂತೆ ಫೋಟೊಗಳನ್ನು ಒಂದೇ ಅಳತೆಗೆ ಕತ್ತರಿಸಿಕೊಡೋದು ಈಗ ಅದರ ಕೆಲಸ.