ಟ್ಯೂಷನ್ ಕೋಣೆಯ ಗಾಳಿಗೆ ಸಾಂಬ್ರಾಣಿಯೋ, ಯುವಿ ದೀಪವೋ, ಪ್ಯೂರಿಫೈಯರೋ, ಕಿಟಕಿಯೋ?

ಸಂಜೆ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಹತ್ತು ಮಕ್ಕಳಿಗೆ ಪಾಠ ಹೇಳುತ್ತೇನೆ. ಪಕ್ಕದ ಕೋಣೆಯಲ್ಲಿ ಅತ್ತೆ ಇರುತ್ತಾರೆ. ಅವರಿಗೆ ಉಬ್ಬಸ. ಒಂದು ಮಗು ಕೆಮ್ಮುತ್ತಾ ಬಂದರೂ ಸಾಕು, ವಾರದೊಳಗೆ ಅತ್ತೆ ನೆಬ್ಯುಲೈಸರ್ ಹಿಡಿದು ಕೂರಬೇಕಾಗುತ್ತಿತ್ತು. ಅದಕ್ಕೇ ಎರಡು ಮಳೆಗಾಲ ಒಂದೊಂದೇ ದಾರಿ ಹಿಡಿದು ನೋಡಿದೆ.

ಸಾಂಬ್ರಾಣಿಯನ್ನು ಎರಡೇ ದಿನಕ್ಕೆ ಬಿಟ್ಟೆ. ಹೊಗೆ ಅಂದರೂ ಎದೆಗೆ ಇಳಿಯುವ ಸಣ್ಣ ಕಣಗಳೇ ಅಲ್ವಾ? ಅತ್ತೆಗೆ ಉಸಿರು ಕಟ್ಟಿತು.

ಆಮೇಲೆ ಮೇಜಿನ ಮೇಲಿಡುವ ಯುವಿ, ಅಂದರೆ ನೇರಳಾತೀತ ಬೆಳಕಿನ ದೀಪ ತಂದೆ. 254 ನ್ಯಾನೋಮೀಟರ್ ತರಂಗಾಂತರದ ಆ ಬೆಳಕು ರೋಗಾಣುಗಳನ್ನು ಕೊಲ್ಲುವುದು ನಿಜ. ಆದರೆ ಕಣ್ಣು, ಚರ್ಮವನ್ನೂ ಸುಡುತ್ತದೆ. ಕೋಣೆ ಖಾಲಿ ಇದ್ದಾಗ ಮಾತ್ರ ಹಚ್ಚಬೇಕು. ಮಕ್ಕಳು ಕೆಮ್ಮುವುದು ಕೋಣೆಯಲ್ಲಿ ಕೂತಿದ್ದಾಗ, ದೀಪ ಉರಿಯುವುದು ಅವರು ಹೋದ ಮೇಲೆ. ಟಿಬಿ ವಾರ್ಡುಗಳಲ್ಲಿ ತಲೆಗಿಂತ ಎತ್ತರದಲ್ಲಿ, ಬೆಳಕು ಕೆಳಗೆ ಬೀಳದಂತೆ ಕೂರಿಸುವ ದೀಪದ ಲೆಕ್ಕ ಬೇರೆ. ಅದನ್ನು ತಿಳಿದವರೇ ಹಾಕಬೇಕು.

ತೀರಾ ಸಣ್ಣ ಕಣಗಳನ್ನೂ ಹಿಡಿಯುವ ಹೆಪಾ ಫಿಲ್ಟರ್ ಇರುವ ಪ್ಯೂರಿಫೈಯರ್ ಮೇಲೆ ನನಗೆ ನಂಬಿಕೆ ಬಂತು. ರೋಗಾಣು ಸಾಮಾನ್ಯವಾಗಿ ಉಸಿರಿನ ಸಣ್ಣ ಹನಿಗಳಲ್ಲಿ ಕೂತು ತೇಲುತ್ತದೆ. ಹೆಪಾ 0.3 ಮೈಕ್ರಾನ್ ಕಣಗಳನ್ನೂ 99.97% ಹಿಡಿಯುತ್ತದೆ. ಕೊಳ್ಳುವಾಗ ಒಂದು ಲೆಕ್ಕ ಮಾಡಿ. ನಮ್ಮ ಕೋಣೆ 10 ಅಡಿ ಅಗಲ, 12 ಅಡಿ ಉದ್ದ, 10 ಅಡಿ ಎತ್ತರ, ಅಂದರೆ ಸುಮಾರು 34 ಘನ ಮೀಟರ್. ಗಂಟೆಗೆ 300 ಘನ ಮೀಟರ್ ಶುದ್ಧ ಗಾಳಿ ಕೊಡುವ ಯಂತ್ರ ಇಷ್ಟು ಗಾಳಿಯನ್ನು ಹೆಚ್ಚುಕಡಿಮೆ ಒಂಬತ್ತು ಸಲ ಸೋಸಿದಂತೆ. ಆದರೆ ಆ ಲೆಕ್ಕ ಫುಲ್ ಸ್ಪೀಡಿಗೆ. ಆ ಸದ್ದಿನಲ್ಲಿ ಹಿಂದೆ ಕೂತವರಿಗೆ ನನ್ನ ಪಾಠವೇ ಕೇಳಿಸಲಿಲ್ಲ. ಸ್ಪೀಡ್ ತಗ್ಗಿಸಿದರೆ ಸೋಸುವುದೂ ತಗ್ಗುತ್ತದೆ.

ಕೊನೆಗೆ ಕಿಟಕಿಗೆ ಬಂದೆ. ಜೊತೆಗೆ ಕಾರ್ಬನ್ ಡೈಆಕ್ಸೈಡ್ ಮೀಟರ್ ತಂದೆ. ಅದು ರೋಗಾಣು ಎಣಿಸುವುದಿಲ್ಲ. ಒಳಗೆ ಕೂತವರು ಬಿಟ್ಟ ಉಸಿರು ಕೋಣೆಯಲ್ಲಿ ಎಷ್ಟು ಉಳಿದಿದೆ ಅನ್ನುವುದರ ಅಂದಾಜು ಕೊಡುತ್ತದೆ. ಹೊರಗೆ 420 ಪಿಪಿಎಂ ಆಸುಪಾಸು, ಅಂದರೆ ಹತ್ತು ಲಕ್ಷ ಭಾಗ ಗಾಳಿಯಲ್ಲಿ 420 ಭಾಗ ಈ ಅನಿಲ. ಎಲ್ಲಾ ಮುಚ್ಚಿದ ಕೋಣೆಯಲ್ಲಿ ಮುಕ್ಕಾಲು ಗಂಟೆಗೆ 2,300 ಪಿಪಿಎಂ! ಒಂದೇ ಕಿಟಕಿ ತೆಗೆದರೆ ಜಾಸ್ತಿ ಇಳಿಯಲಿಲ್ಲ. ಕಿಟಕಿ ತೆಗೆದು, ಎದುರು ಗೋಡೆಯ ಎಕ್ಸಾಸ್ಟ್ ಫ್ಯಾನ್ ಹಾಕಿದಾಗ 800ಕ್ಕೆ ಬಂತು. ಪ್ಯೂರಿಫೈಯರ್ ಈ ಅಂಕಿಯನ್ನು ಇಳಿಸುವುದಿಲ್ಲ. ಕಣ ಹಿಡಿಯುತ್ತದೆ, ಅನಿಲವನ್ನಲ್ಲ.

ಈಗ ಪಾಠ ಶುರುವಾಗುವ ಮೊದಲೇ ಕಿಟಕಿ ತೆಗೆದು ಫ್ಯಾನ್ ಹಾಕುತ್ತೇನೆ. ಪ್ಯೂರಿಫೈಯರ್ ಅತ್ತೆಯ ಕೋಣೆಗೆ ಹೋಗಿದೆ. ಇರಚಲು ಹೊಡೆದು ಕಿಟಕಿ ಮುಚ್ಚಬೇಕಾದ ದಿನ ಮಾತ್ರ ಅದನ್ನು ಮುಂದಿನ ಕೋಣೆಗೆ ತರುತ್ತೇನೆ. ಅವತ್ತು ಮಕ್ಕಳಿಗೆ ಬರವಣಿಗೆ ಕೊಡುತ್ತೇನೆ. ಫುಲ್ ಸ್ಪೀಡಿನಲ್ಲೇ ಓಡಲಿ.