ಆಳ ಉಳುಮೆಯೋ, ಬರೀ ಕುಂಟೆಯೋ?

ನಮ್ಮದು ತುಮಕೂರು ಕಡೆಯ ಕೆಂಪು ಮಣ್ಣು, ರಾಗಿ ಹೊಲ. ಪಕ್ಕದ ಬೀಳು ಜಮೀನಿನಿಂದ ಕಾಂಗ್ರೆಸ್ ಗಿಡ ಬಂದು ತುಂಬಿಕೊಂಡಿತ್ತು. ಕಳೆ ಕೀಳೋಕೆ ಆಳು ಸಿಗೋದು ಕಷ್ಟ. ಅದಕ್ಕೇ ಒಂದು ಎಕರೆಯನ್ನು ಎರಡು ಪಾಲು ಮಾಡಿದೆ. ಒಂದರಲ್ಲಿ ಮಣ್ಣು ಮಗುಚುವ ಟ್ರ್ಯಾಕ್ಟರ್ ನೇಗಿಲು, ಸುಮಾರು 8 ಇಂಚು ಆಳ. ಇನ್ನೊಂದರಲ್ಲಿ ಮೇಲ್ಮಣ್ಣು ಕೆರೆಯುವ ಕುಂಟೆ ಮಾತ್ರ, 2 ಇಂಚು ದಾಟದ ಹಾಗೆ.

ಎಷ್ಟು ಆಳದಿಂದ ಕಳೆ ಬೀಜ ಹುಟ್ಟುತ್ತೆ ಅಂತ ಮನೆಯಲ್ಲೂ ಒಂದು ಪರೀಕ್ಷೆ ಮಾಡಿದೆ. ಹೊಲದ ಮಣ್ಣಲ್ಲಿ ಮೊದಲೇ ಕಳೆ ಬೀಜ ಇರುತ್ತಲ್ವಾ, ಅದನ್ನು ಸಾಯಿಸಲು ಮಣ್ಣನ್ನು ಹಳೇ ಬಾಣಲೆಯಲ್ಲಿ ಹುರಿದೆ. "ರಾಗಿ ಹುರಿಯೋರನ್ನ ನೋಡಿದ್ದೆ, ಮಣ್ಣು ಹುರಿಯೋರನ್ನ ಇವತ್ತೇ ನೋಡಿದ್ದು" ಅಂದರು ಅಮ್ಮ. ಆ ಮಣ್ಣು ತುಂಬಿದ ನಾಲ್ಕು ಪೇಂಟ್ ಬಕೆಟ್, ಒಂದೊಂದಕ್ಕೂ 50 ಕಾಂಗ್ರೆಸ್ ಬೀಜ, ಬೇರೆ ಬೇರೆ ಆಳದಲ್ಲಿ. ಮೇಲೆಯೇ ಉದುರಿಸಿದ್ದು ಮುಕ್ಕಾಲು ಪಾಲು ಹುಟ್ಟಿತು. 1 ಇಂಚಿನದರಲ್ಲಿ ಬೆರಳೆಣಿಕೆಯಷ್ಟು. 2 ಇಂಚಿನದರಲ್ಲಿ ಒಂದೇ ಒಂದು, ಅದೂ ಬಿಳಿಚಿಕೊಂಡು. 4 ಇಂಚಿನದು ಸೊನ್ನೆ. ಬೀಜ ಅಷ್ಟು ಸಣ್ಣದು, ಅದರೊಳಗಿನ ಬುತ್ತಿ ಅಷ್ಟು ದೂರದ ದಾರಿಗೆ ಸಾಲದು. ಬೆಳಕೂ ತಾಗುವುದಿಲ್ಲ.

ಮೊದಲ ವರ್ಷ ಹೊಲವೂ ಅದನ್ನೇ ಹೇಳಿತು. ರೋಹಿಣಿ ಮಳೆ ಬಿದ್ದ ಮೇಲೆ ಕುಂಟೆ ಪಾಲು ಹಸಿರು ಚಾಪೆ ಹಾಸಿದಂತೆ ಆಯಿತು, ಕಾಂಗ್ರೆಸ್ ಜೊತೆ ಅಣ್ಣೆ ಸೊಪ್ಪು ಬೇರೆ. ಬಿತ್ತನೆಗೆ ಮೊದಲು ಎರಡು ಸಲ ಕುಂಟೆ ಹೊಡೆದು ಮುಗಿಸಬೇಕಾಯಿತು. ಆಳ ಉತ್ತ ಕಡೆ ಅಲ್ಲೊಂದು ಇಲ್ಲೊಂದು ಗಿಡ. ಸುಮ್ನೆ ಬೀಗಿದೆ.

ಅದೇ ಹುಮ್ಮಸ್ಸಲ್ಲಿ ಮರುವರ್ಷವೂ ಆಳ ಉಳುಮೆ ಮಾಡಿಸಿದ್ದೇ ತಪ್ಪು. ಹೋದ ವರ್ಷ ಕೆಳಗೆ ಹೋಗಿದ್ದ ಬೀಜವೆಲ್ಲ ಮೇಲೆ ಬಂತು. ಕುಂಟೆ ಪಾಲಿಗಿಂತ ಜಾಸ್ತಿ ಕಳೆ! ಆಗ ಆ 4 ಇಂಚಿನ ಬಕೆಟ್ ನೆನಪಾಯಿತು. ಅದರ ಮಣ್ಣನ್ನು ತಟ್ಟೆಯಲ್ಲಿ ಹರಡಿ ನೀರು ಚಿಮುಕಿಸಿದೆ. ವಾರ ಕಳೆಯುವುದರೊಳಗೆ ಮೊಳಕೆ. ಸತ್ತಿರಲಿಲ್ಲ, ಮಲಗಿದ್ದವು. ಅಮೆರಿಕದ ಮಿಶಿಗನ್‌ನಲ್ಲಿ ವಿಲಿಯಂ ಬೀಲ್ ಎಂಬ ಸಸ್ಯ ವಿಜ್ಞಾನಿ 1879ರಲ್ಲಿ ಬೀಜದ ಬಾಟಲಿಗಳನ್ನು ಹೂತಿಟ್ಟಿದ್ದರು. 2021ರಲ್ಲಿ ಒಂದು ಬಾಟಲಿ ತೆಗೆದರೆ ಒಂದು ಜಾತಿಯ ಕಳೆ ಆಗಲೂ ಮೊಳೆಯಿತು. ಕಾಂಗ್ರೆಸ್ ಅಷ್ಟು ಕಾಲ ಬಾಳಲಿಕ್ಕಿಲ್ಲ, ಆದರೆ ಮಣ್ಣಡಿ ಕೆಲವು ವರ್ಷ ಕಾಯುವ ತಾಕತ್ತು ಅದಕ್ಕೂ ಇದೆ.

ಈಗ ನನ್ನ ಲೆಕ್ಕ ಇಷ್ಟು: ಹೊಲ ಪೂರ್ತಿ ಕೆಟ್ಟಿದ್ದರೆ ಒಂದೇ ಒಂದು ಸಲ ಆಳ ಉಳುಮೆ. ಆಮೇಲೆ ಕೆಲವು ವರ್ಷ ನೇಗಿಲು ಮುಟ್ಟದೆ ಕುಂಟೆ. ಕಳೆ ಹುಟ್ಟಲು ಬಿಟ್ಟು ಕುಂಟೆ ಹೊಡೆಯುವುದು, ಹೂ ಬರುವ ಮೊದಲೇ.

ಜೇಕು ಎಂಬ ಹುಲ್ಲಿನಂಥ ಕಳೆಗೆ ಮಾತ್ರ ಈ ಲೆಕ್ಕ ನಡೆಯುವುದಿಲ್ಲ. ಅದು ಬರುವುದು ಗಡ್ಡೆಯಿಂದ, ಗೇಣು ಆಳದಿಂದಲೂ ತಲೆ ಎತ್ತುತ್ತದೆ. ಒಂದು ಮೂಲೆಗೆ ಮಣ್ಣು ಪುಡಿ ಮಾಡುವ ರೋಟವೇಟರ್ ಹೊಡೆಸಿ ನೋಡಿದೆ, ಗಡ್ಡೆ ಸರ ತುಂಡಾಗಿ ಇನ್ನೂ ಹಬ್ಬಿತು. ಆ ಮೂಲೆಯನ್ನು ಬೇಸಿಗೆಯಲ್ಲಿ ಉತ್ತು, ಗಡ್ಡೆ ಬಿಸಿಲಿಗೆ ಒಣಗಲು ಬಿಟ್ಟಿದ್ದೇನೆ.